ಮೊದಲು ತೂಕ ಇಳಿಸಿಕೊಂಡು ಬನ್ನಿ!

ಹೆಣ್ಣಿನ ಎದೆಯ ಬಗ್ಗೆ ಕವಿಗಳು ಬರೆದಿದ್ದಾರೆ. ಸಿನಿಮಾದವರು ಕ್ಯಾಮರಾ ಹಿಡಿದು ತೋರಿಸಿದ್ದಾರೆ. ಬಸ್ ನಿಲ್ದಾಣದ ಪೋಲಿಗಳು ಆಡಿಕೊಂಡು ನಕ್ಕಿದ್ದಾರೆ. ಆದರೆ ಅದನ್ನು ಹೊತ್ತು ತಿರುಗುವವಳ ಬೆನ್ನು, ಕುತ್ತಿಗೆ, ಹೆಗಲುಗಳಿಗೆ ಏನಾಗಿದೆ ಎಂದು ಕೇಳಿದವರು ಕಡಿಮೆ. ಕೇಳಬೇಕಾದ ಪತ್ರಿಕೆಗಳೂ ಅದನ್ನು ಡಾಕ್ಟರರ ಪ್ರಶ್ನೋತ್ತರದ ಮೂಲೆಗೆ ತಳ್ಳಿ, 'ಹೆಸರು, ಊರು ಬೇಡ' ಎಂಬ ಸಹಿಯ ಕೆಳಗೆ ನಾಲ್ಕು ಸಾಲಿನಲ್ಲಿ ಮುಗಿಸುತ್ತವೆ. ನಾಚಿಕೆಯ ವಿಷಯವಂತೆ. ನೋವು ನಾಚಿಕೆಯ ವಿಷಯವಾದದ್ದು ಯಾವಾಗಿನಿಂದ?

ನಾವು ಇಲ್ಲಿ ಮಾತಾಡಲು ಹೊರಟಿರುವುದು ಸೌಂದರ್ಯದ ಬಗ್ಗೆ ಅಲ್ಲ. ವಿಪರೀತ ಭಾರವಾದ ಸ್ತನಗಳನ್ನು ಶಸ್ತ್ರಚಿಕಿತ್ಸೆಯಿಂದ ಕಿರಿದುಗೊಳಿಸುವುದರ ಬಗ್ಗೆ. ಅದರಲ್ಲೂ, ಮೈತೂಕವನ್ನು ದೊಡ್ಡ ಪ್ರಮಾಣದಲ್ಲಿ ಇಳಿಸುತ್ತಿರುವ ಹೆಂಗಸರಿಗೆ ಈ ಶಸ್ತ್ರಚಿಕಿತ್ಸೆ ಯಾವಾಗ ಆಗಬೇಕು, ಆ 'ಯಾವಾಗ' ಎಂಬುದನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಯ ಬಗ್ಗೆ.

ನಮ್ಮ ಪರಿಚಯದ ಒಬ್ಬ ಶಾಲಾ ಶಿಕ್ಷಕಿ ಇದ್ದಾರೆ. ಕರಾವಳಿಯ ಸಣ್ಣ ಪಟ್ಟಣದವರು, ವಯಸ್ಸು ನಲವತ್ತರ ಆಸುಪಾಸು. ಎತ್ತರ 155 ಸೆಂ.ಮೀ. ಎರಡನೆಯ ಹೆರಿಗೆಯ ನಂತರ ತೂಕ ಏರುತ್ತಾ 92 ಕೆ.ಜಿ. ಮುಟ್ಟಿತ್ತು. ಸಕ್ಕರೆ ಕಾಯಿಲೆಯ ಹೆದರಿಕೆಯಿಂದ ಒಂದೂವರೆ ವರ್ಷ ಅನ್ನ ಕಡಿಮೆ ಮಾಡಿ, ಬೆಳಗ್ಗೆ ನಡೆದು, 78ಕ್ಕೆ ಇಳಿಸಿದರು. ಹದಿನಾಲ್ಕು ಕೆ.ಜಿ. ಸಣ್ಣ ಮಾತಲ್ಲ. ಮುಖ ಸೊರಗಿತು, ಕೈ ತೆಳ್ಳಗಾಯಿತು, ಬಳೆ ಸಡಿಲವಾಯಿತು. ಎದೆ ಮಾತ್ರ ಹೆಚ್ಚೇನೂ ಇಳಿಯಲಿಲ್ಲ. ಹೆಗಲ ಮೇಲೆ ಬ್ರಾ ಪಟ್ಟಿ ಕೊರೆದ ತಗ್ಗು ಹಾಗೆಯೇ ಇತ್ತು. ಕಪ್ಪು ಹಲಗೆಯ ಮೇಲೆ ಅರ್ಧ ಗಂಟೆ ಬರೆದರೆ ಕಿರುಬೆರಳು ಜೋಮು ಹಿಡಿಯುತ್ತಿತ್ತು. ಮಳೆಗಾಲದ ತೇವದಲ್ಲಿ ಸ್ತನದ ಅಡಿಯ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ, ಒಡೆದು, ವಾಸನೆ ಬಂದು, ಮುಲಾಮು ಹಚ್ಚಿದರೆ ಹೋಗಿ, ಬಿಟ್ಟರೆ ಮತ್ತೆ ಬರುತ್ತಿತ್ತು.

ಧೈರ್ಯ ಮಾಡಿ ಅವರು ನಗರದ ಒಬ್ಬ ಸರ್ಜನ್ ಬಳಿ ಹೋದರು. ಮೂರು ನಿಮಿಷದ ಭೇಟಿ. ಎತ್ತರ, ತೂಕ ಬರೆದುಕೊಂಡು ಅವರು ಹೇಳಿದ್ದು ಒಂದೇ ಮಾತು: "ಮೊದಲು ಇನ್ನೊಂದು ಹದಿನೈದು ಕೆ.ಜಿ. ಇಳಿಸಿಕೊಂಡು ಬನ್ನಿ ಮೇಡಂ, ಆಮೇಲೆ ನೋಡೋಣ." ಹದಿನೈದು ಯಾಕೆ, ಹತ್ತು ಯಾಕಲ್ಲ, ಅಲ್ಲಿಯವರೆಗೆ ಈ ನೋವಿಗೇನು ಮಾಡಬೇಕು, ಹದಿನೈದು ಇಳಿಯದಿದ್ದರೆ ಏನು ಗತಿ ಎಂದು ಹೇಳಲಿಲ್ಲ. ಕೇಳಲು ಇವರಿಗೂ ಬಾಯಿ ಬರಲಿಲ್ಲ. ಹೊರಗೆ ವಿಮೆಯ ಮೇಜಿನಲ್ಲಿ ಕೂತ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ, "ಅದು ಬ್ಯೂಟಿ ಸರ್ಜರಿ, ಕ್ಲೇಮ್ ಆಗಲ್ಲ" ಎಂದ.

ಮನೆಗೆ ಬಂದು ಆಕೆ ನಮ್ಮ ಮುಂದೆ ಇಟ್ಟ ಪ್ರಶ್ನೆ ಇದು: "ತೂಕ ಇಳಿಯಬೇಕಾದರೆ ನಾನು ನಡೆಯಬೇಕು. ನಾನು ನಡೆಯಬೇಕಾದರೆ ಈ ಭಾರ ಇಳಿಯಬೇಕು. ಯಾವುದು ಮೊದಲು, ನೀವೇ ಹೇಳಿ." ಎರಡು ಬ್ರಾ ಒಂದರ ಮೇಲೊಂದು ಬಿಗಿದು, ಅದರ ಮೇಲೆ ಬುರ್ಖಾ ಹಾಕಿ, ಜನ ಏಳುವ ಮೊದಲೇ ಮೈದಾನ ಸುತ್ತುವ ಹೆಂಗಸಿನ ಪ್ರಶ್ನೆ ಇದು. ಬುರ್ಖಾ ಆಕಾರವನ್ನು ಮುಚ್ಚೀತು, ಸೀರೆಯ ಸೆರಗೂ ಮುಚ್ಚೀತು. ಭಾರವನ್ನು ಯಾವ ಬಟ್ಟೆಯೂ ಮುಚ್ಚುವುದಿಲ್ಲ.

ಮೊದಲಿಗೆ ನ್ಯಾಯವಾಗಿ ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ಕಾಯಿರಿ ಎಂದು ಹೇಳುವ ವೈದ್ಯರೆಲ್ಲ ಕಟುಕರಲ್ಲ. ಕಾಯುವುದಕ್ಕೆ ವೈದ್ಯಶಾಸ್ತ್ರದಲ್ಲಿ ಗಟ್ಟಿ ಕಾರಣಗಳಿವೆ.

ಸ್ತನವೆಂದರೆ ಹಾಲಿನ ಗ್ರಂಥಿ ಮತ್ತು ಕೊಬ್ಬು ಎರಡೂ ಸೇರಿದ್ದು. ಯಾವುದು ಎಷ್ಟು ಎಂಬುದು ಹೆಂಗಸಿನಿಂದ ಹೆಂಗಸಿಗೆ ಬೇರೆ. ಕೊಬ್ಬು ಹೆಚ್ಚಿದ್ದವಳು ಇಪ್ಪತ್ತು ಕೆ.ಜಿ. ಇಳಿಸಿದರೆ ಸ್ತನವೂ ಕರಗುತ್ತದೆ. ಗ್ರಂಥಿ ಹೆಚ್ಚಿದ್ದವಳಿಗೆ ಅಷ್ಟೇ ಇಳಿಸಿದರೂ ಬದಲಾವಣೆ ಕಾಣದು. ಕೊಬ್ಬು ಕರಗಿದಾಗ ಹಿಗ್ಗಿದ ಚರ್ಮ ಹಿಂದಿನಂತೆ ಬಿಗಿಯಾಗುವುದಿಲ್ಲ, ಜೋಲುತ್ತದೆ. ಹೀಗಾಗಿ ತೂಕ ಇಳಿಯುವ ನಡುದಾರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೆ, ಮುಂದೆ ಇನ್ನಷ್ಟು ತೂಕ ಇಳಿದಾಗ ಉಳಿಸಿದ ಸ್ತನವೂ ಕುಗ್ಗಿ ಜೋತುಬಿದ್ದು, ಎರಡನೆಯ ಸಲ ಟೇಬಲ್ ಹತ್ತಬೇಕಾದೀತು. ಮೈತೂಕ ಹೆಚ್ಚಿದ್ದಷ್ಟೂ ಗಾಯಕ್ಕೆ ಸೋಂಕು ತಗಲುವ, ಹೊಲಿಗೆ ಬಿಚ್ಚಿಕೊಳ್ಳುವ, ಗಾಯ ಮಾಯಲು ತಡವಾಗುವ ಅಪಾಯ ಹೆಚ್ಚು. ಹೊಟ್ಟೆ ಕಿರಿದುಗೊಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮೊದಲ ವರ್ಷ ತೂಕ ವೇಗವಾಗಿ ಇಳಿಯುತ್ತದೆ. ಪ್ರೋಟೀನು, ಕಬ್ಬಿಣಾಂಶ, ವಿಟಮಿನ್‌ಗಳ ಕೊರತೆಯೂ ಆಗಬಹುದು, ಅದರಿಂದ ಗಾಯ ಮಾಯುವುದು ತಡವಾಗುತ್ತದೆ. ಅದಕ್ಕೇ ಅಂಥವರಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಕಳೆದು, ತೂಕ ಮೂರರಿಂದ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಮೇಲೆ ಬನ್ನಿ ಎನ್ನುತ್ತಾರೆ. ಇದರಲ್ಲಿ ತಪ್ಪಿಲ್ಲ. ಇದನ್ನು ಕೇಳಿದವಳು ಕಾಯುವುದೇ ಜಾಣತನ.

ನಮ್ಮ ತಕರಾರು ಕಾಯುವುದರ ಮೇಲಲ್ಲ. 'ಕಾಯಿರಿ' ಎಂಬ ಮಾತು 'ಹೋಗಿ' ಎಂಬ ಮಾತಾಗುವುದರ ಮೇಲೆ.

ಈ ರೋಗ ನಮ್ಮಲ್ಲಿ ಮಾತ್ರ ಇಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಶಸ್ತ್ರಚಿಕಿತ್ಸೆಗೆ ಷರತ್ತುಗಳನ್ನು ಪಟ್ಟಿ ಮಾಡಿದೆ. ಬಿ.ಎಂ.ಐ. 27ಕ್ಕಿಂತ ಕಡಿಮೆ ಇರಬೇಕು, ಹನ್ನೆರಡು ತಿಂಗಳು ಹಾಗೆಯೇ ಸ್ಥಿರವಾಗಿರಬೇಕು, ಒಂದೊಂದು ಸ್ತನದಿಂದ ಕನಿಷ್ಠ 500 ಗ್ರಾಂ ತೆಗೆಯುವಂತಿರಬೇಕು ಅಥವಾ ನಾಲ್ಕು ಕಪ್ ಅಳತೆಯಷ್ಟು ಕಡಿಮೆಯಾಗುವಂತಿರಬೇಕು. ಎತ್ತರವನ್ನೂ ತೂಕವನ್ನೂ ಲೆಕ್ಕ ಹಾಕಿ ತೆಗೆಯುವ ಅಂಕಿಯೇ ಈ ಬಿ.ಎಂ.ಐ. ನಮ್ಮ ಶಿಕ್ಷಕಿಯ ಎತ್ತರಕ್ಕೆ 27 ಎಂದರೆ ಸುಮಾರು 65 ಕೆ.ಜಿ. ಈ ಲೆಕ್ಕದೊಳಗೆ ಸ್ತನಗಳ ತೂಕವೂ ಸೇರಿದೆ ಎಂಬುದನ್ನು ಮರೆಯಬಾರದು. ಈಕೆಯ ಎದೆಯಿಂದ ಮೂರು ಕೆ.ಜಿ. ತೆಗೆದರೆ ಬಿ.ಎಂ.ಐ. ಒಂದಂಕಿಗೂ ಹೆಚ್ಚು ತಾನಾಗಿ ಇಳಿಯುತ್ತದೆ. ಯಾವ ಭಾರವನ್ನು ಇಳಿಸಿ ಎಂದು ಆಕೆ ಬೇಡುತ್ತಿದ್ದಾಳೋ ಅದೇ ಭಾರವನ್ನು ತಕ್ಕಡಿಯಲ್ಲಿಟ್ಟು, ನೀನು ಭಾರವಿದ್ದೀಯ, ಹೋಗು ಎನ್ನುವ ಲೆಕ್ಕ ಇದು.

ಅಮೆರಿಕದ ಕತೆ ಇನ್ನೊಂದು ಬಗೆಯದು. ಅಲ್ಲಿ 1991ರಲ್ಲಿ ಪಾಲ್ ಶ್ನರ್ ಎಂಬ ವೈದ್ಯರೂ ಸಂಗಡಿಗರೂ ಪ್ಲಾಸ್ಟಿಕ್ ಸರ್ಜನ್‌ಗಳನ್ನು ವಿಚಾರಿಸಿ ಒಂದು ಕೋಷ್ಟಕ ಮಾಡಿದರು. ದೇಹದ ಮೇಲ್ಮೈ ವಿಸ್ತೀರ್ಣ ಇಷ್ಟಿದ್ದರೆ ಇಷ್ಟು ಗ್ರಾಂ ತೆಗೆದದ್ದು ಚಿಕಿತ್ಸೆಗಾಗಿ, ಅದಕ್ಕಿಂತ ಕಡಿಮೆ ತೆಗೆದದ್ದು ಅಂದಕ್ಕಾಗಿ ಎಂದು ಊಹಿಸುವ ಕೋಷ್ಟಕ. ವಿಮಾ ಕಂಪನಿಗಳು ಅದನ್ನು ಹಿಡಿದುಕೊಂಡವು. ಹಲವು ಕಂಪನಿಗಳು ಈ ಕೋಷ್ಟಕವನ್ನೋ ಇಲ್ಲವೇ ಇಷ್ಟು ಗ್ರಾಂ ಎಂಬ ಗೆರೆಯನ್ನೋ ಮುಂದಿಟ್ಟು ಹಣ ಕೊಡುವುದನ್ನು, ಕೊಡದಿರುವುದನ್ನು ನಿರ್ಧರಿಸುತ್ತವೆ. ಈಗ ನೋಡಿ ಇಕ್ಕಳವನ್ನು. ತೂಕ ಇಳಿಸದಿದ್ದರೆ ಬಿ.ಎಂ.ಐ. ಹೆಚ್ಚು, ಶಸ್ತ್ರಚಿಕಿತ್ಸೆ ಇಲ್ಲ. ಹೇಳಿದಂತೆ ತೂಕ ಇಳಿಸಿ, ಸ್ತನವೂ ಒಂದಿಷ್ಟು ಕುಗ್ಗಿದರೆ, ತೆಗೆಯಲು ಸಾಕಷ್ಟು ಗ್ರಾಂ ಇಲ್ಲ, ಆದ್ದರಿಂದ ಇದು ಅಂದದ ಶಸ್ತ್ರಚಿಕಿತ್ಸೆ, ಹಣ ಇಲ್ಲ. ಮಾತು ಕೇಳದವಳಿಗೂ ಶಿಕ್ಷೆ, ಕೇಳಿದವಳಿಗೂ ಶಿಕ್ಷೆ.

ನೋವನ್ನು ಗ್ರಾಂ ಲೆಕ್ಕದಲ್ಲಿ ತೂಗಬಹುದೆ? ಅಮೆರಿಕದಲ್ಲೇ ನಡೆದು 2002ರಲ್ಲಿ ಪ್ರಕಟವಾದ 'ಬ್ರಾವೊ' ಎಂಬ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ತೂಕ ಇಳಿಸುವುದು, ವ್ಯಾಯಾಮ ಚಿಕಿತ್ಸೆ, ವಿಶೇಷ ಬ್ರಾ, ನೋವಿನ ಮಾತ್ರೆ ಇವು ಯಾವುವೂ ಈ ಹೆಂಗಸರಿಗೆ ಶಾಶ್ವತ ಉಪಶಮನ ಕೊಡಲಿಲ್ಲ, ಶಸ್ತ್ರಚಿಕಿತ್ಸೆ ಕೊಟ್ಟಿತು. ಆ ಉಪಶಮನ ಆಕೆಯ ಮೈತೂಕವನ್ನಾಗಲೀ ತೆಗೆದ ಗ್ರಾಂ ಎಷ್ಟು ಎಂಬುದನ್ನಾಗಲೀ ಅವಲಂಬಿಸಿರಲಿಲ್ಲ. ಅಲ್ಲಿನ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ತೆಗೆಯುವ ತೂಕವನ್ನು ನೋಡದೆ ಹೆಂಗಸಿನ ತೊಂದರೆಗಳನ್ನು ನೋಡಿಯೇ ಶಸ್ತ್ರಚಿಕಿತ್ಸೆಯನ್ನು ಮೊದಲ ಚಿಕಿತ್ಸೆಯಾಗಿ ಕೊಡಬಹುದೆಂದು ಹೇಳಿತು. ಅಂದರೆ ಕತ್ತಿ ಹಿಡಿಯುವವರೇ ಒಪ್ಪಿದ್ದಾರೆ. ಒಪ್ಪದೆ ಉಳಿದಿರುವುದು ಕಡತ ಹಿಡಿದವರು.

ಇನ್ನು ನಮ್ಮ ಮನೆಯ ಕತೆಗೆ ಬರೋಣ. ನಮ್ಮಲ್ಲಿ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಪಡಿಸಿದ ಮಾದರಿ ವಾಕ್ಯಗಳಿರುತ್ತವೆ. ಅಂದಕ್ಕಾಗಿ ಮಾಡುವ ಅಥವಾ ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ ಎಂಬುದು ಅದರಲ್ಲೊಂದು. ಆ ವಾಕ್ಯ ಅಲ್ಲಿಗೇ ನಿಲ್ಲುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆಗೆ, ಹಾಗೂ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವನ್ನು ನಿವಾರಿಸಲು ವೈದ್ಯಕೀಯವಾಗಿ ಅಗತ್ಯವೆಂದು ಚಿಕಿತ್ಸೆ ನೀಡುವ ವೈದ್ಯರು ಪ್ರಮಾಣೀಕರಿಸಿದ್ದಕ್ಕೆ ಈ ನಿಷೇಧ ಅನ್ವಯಿಸದು ಎಂದೂ ಹೇಳುತ್ತದೆ. ಆದರೆ ಇಪ್ಪತ್ತು ವರ್ಷ ಕೊರೆಯುವ ನೋವು 'ತಕ್ಷಣದ ಅಪಾಯ'ವೇ? ಒಂದೇ ದಿನ ಕೊಲ್ಲದ್ದರಿಂದ ಅದು ಅಪಾಯವಲ್ಲ ಎಂದು ಹೇಳುವುದು ಸುಲಭ. ಮೇಜಿನ ಹುಡುಗ ಹಾಗೇ ಹೇಳಿದ. ಆತ ಕೆಟ್ಟವನಲ್ಲ. ಆತನಿಗೆ ಕಲಿಸಿದ್ದು ನಿಷೇಧದ ವಾಕ್ಯದ ಮೊದಲ ಅರ್ಧ ಮಾತ್ರ.

ಇದರ ಜೊತೆಗೆ ಹೊಸದೊಂದು ಸಂಗತಿ ಸೇರಿಕೊಂಡಿದೆ. ತೂಕ ಇಳಿಸುವ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವಿಗೋವಿ. ವಿಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧಿಯ 2021ರ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಮೈತೂಕದ ಶೇ. 15ರಷ್ಟು ಇಳಿದಿತ್ತು. ಅದನ್ನು ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ, ಇಳಿದಿದ್ದ ತೂಕದ ಮೂರನೇ ಎರಡು ಭಾಗ ಮತ್ತೆ ಏರಿತೆಂದು 2022ರ ವರದಿ ಹೇಳಿತು. ಹಾಗಾದರೆ ತೂಕ 'ಸ್ಥಿರವಾಗುವುದು' ಎಂದರೇನು? ಔಷಧಿಯ ಮೇಲೆ ನಿಂತ ತೂಕ ಸ್ಥಿರವೇ, ಔಷಧಿ ಬಿಟ್ಟ ಮೇಲೆ ನಿಂತದ್ದು ಸ್ಥಿರವೇ? ತಿಂಗಳು ತಿಂಗಳು ಸಾವಿರಾರು ರೂಪಾಯಿ ಕೊಟ್ಟು ಚುಚ್ಚಿಸಿಕೊಳ್ಳಲು ಶಕ್ತಿ ಇಲ್ಲದವಳು ಏನು ಮಾಡಬೇಕು? 'ಮೊದಲು ತೂಕ ಇಳಿಸಿ' ಎಂಬ ಮಾತು ಈಗ 'ಮೊದಲು ದುಡ್ಡು ತನ್ನಿ' ಎಂಬ ಮಾತಾಗುತ್ತಿದೆ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಈ ಚುಚ್ಚುಮದ್ದುಗಳು ಹೊಟ್ಟೆಯಿಂದ ಆಹಾರ ಕೆಳಗಿಳಿಯುವುದನ್ನು ನಿಧಾನ ಮಾಡುತ್ತವೆ. ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ಕೊಡುವ ವೈದ್ಯರಿಗೆ ಇದನ್ನು ಮುಚ್ಚಿಡದೆ ತಿಳಿಸಲೇಬೇಕು.

ಈ ದುಡ್ಡಿನ, ಕಡತದ ಮಾತುಗಳ ಹಿಂದೆ ನಮ್ಮ ಸಮಾಜದ ಒಂದು ಹಳೆಯ ಚಾಳಿಯೂ ಇದೆ. ಹೆಣ್ಣಿನ ಮೈಯ ನೋವನ್ನು ಯಾವಾಗಲೂ 'ಆಮೇಲೆ' ಎಂಬ ಸಾಲಿನಲ್ಲಿ ನಿಲ್ಲಿಸುವುದು. ಹದಿನೆಂಟರಲ್ಲಿ ಹೇಳಿದರೆ, "ಮದುವೆಯಾಗಲಿ, ಸರಿಹೋಗುತ್ತೆ." ಮದುವೆಯಾದ ಮೇಲೆ ಹೇಳಿದರೆ, "ಮಕ್ಕಳಾಗಲಿ, ಹಾಲೂಡಿಸಬೇಕಲ್ಲ." ಮಕ್ಕಳಾದ ಮೇಲೆ, "ತೂಕ ಇಳಿಸು." ತೂಕ ಇಳಿಸಿದ ಮೇಲೆ, "ಈ ವಯಸ್ಸಲ್ಲಿ ಯಾಕೆ ಇದೆಲ್ಲ?" ಇದರಲ್ಲಿ ಹಾಲೂಡಿಸುವ ಮಾತಿಗೆ ಆಧಾರವಿದೆ. ಈ ಶಸ್ತ್ರಚಿಕಿತ್ಸೆಯಿಂದ ಹಾಲೂಡಿಸುವ ಶಕ್ತಿ ಕುಂದಬಹುದು, ಇಲ್ಲವಾಗಲೂಬಹುದು. ಅದನ್ನು ಹೇಳಲೇಬೇಕು. ಆದರೆ ಹೇಳುವುದು ಬೇರೆ, ಅವಳ ಬದಲು ತೀರ್ಮಾನಿಸುವುದು ಬೇರೆ.

ನಮ್ಮ ಶಿಕ್ಷಕಿಯ ತಾಯಿ ಮೂವತ್ತು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ಗೆರಸೆ ಇಟ್ಟು, ಬಾಗಿ ಕೂತು, ಬೆಳಗ್ಗಿನಿಂದ ಸಂಜೆಯವರೆಗೆ ಎಲೆ ಸುತ್ತಿದವರು. ಅವರಿಗೂ ಇದೇ ಎದೆ, ಇದೇ ಬೆನ್ನು. ಮಗಳು ಆಸ್ಪತ್ರೆಗೆ ಹೋದಳೆಂದು ಕೇಳಿ ಅವರು ಹೇಳಿದರಂತೆ: "ನಮಗೆ ಇದಕ್ಕೆ ಮದ್ದಿದೆ ಎಂದೇ ಗೊತ್ತಿರಲಿಲ್ಲ ಮಗಳೇ. ಬೀಡಿ ಕಟ್ಟಿ ಬೆನ್ನು ಹೋಯಿತು ಎಂದುಕೊಂಡಿದ್ದೆ." ಈ ಒಂದು ಮಾತಿನಲ್ಲಿ ಎಷ್ಟು ಸಾವಿರ ಹೆಂಗಸರ ಬೆನ್ನಿದೆ!

ಕೆಲವರು ಇನ್ನೊಂದು ಮಾತು ಎತ್ತುತ್ತಾರೆ. ದೇವರು ಕೊಟ್ಟ ದೇಹವನ್ನು ಕತ್ತರಿಸಿ ಚಂದ ಮಾಡಿಕೊಳ್ಳುವುದು ಸರಿಯೇ ಎಂದು. ಕಣ್ಣಿನ ಪೊರೆ ತೆಗೆಸುವಾಗ, ಪಿತ್ತಕೋಶದ ಕಲ್ಲು ತೆಗೆಸುವಾಗ ಈ ಪ್ರಶ್ನೆ ಏಳುವುದಿಲ್ಲ. ಗಂಡಸಿನ ಹರ್ನಿಯಾಕ್ಕೂ ಏಳುವುದಿಲ್ಲ. ಎದೆಯ ವಿಷಯಕ್ಕೆ ಬಂದಾಗ ಮಾತ್ರ ಏಳುತ್ತದೆ. ಯಾಕೆಂದರೆ ಎದೆಯನ್ನು ನಾವು ಅಂಗವೆಂದು ನೋಡಲು ಇನ್ನೂ ಕಲಿತಿಲ್ಲ, ನೋಟವೆಂದೇ ನೋಡುತ್ತೇವೆ. ನೋವು ಕಳೆಯುವುದು ಚಿಕಿತ್ಸೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಶಿಕ್ಷಕಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಆರು ತಿಂಗಳ ನಂತರ ಅಕ್ಕನ ಒತ್ತಾಯಕ್ಕೆ ಇನ್ನೊಬ್ಬ ವೈದ್ಯೆಯ ಬಳಿ ಹೋದರು. ಆಕೆ ಮುಕ್ಕಾಲು ಗಂಟೆ ಕೂರಿಸಿಕೊಂಡು ಮಾತಾಡಿದರು. ಒಂದು ಹಾಳೆಯ ಮೇಲೆ ಎರಡು ದಾರಿ ಬರೆದರು. ಈಗಲೇ ಮಾಡಿಸಿದರೆ ನೋವು ಬೇಗ ಕಳೆಯುತ್ತದೆ, ಗಾಯದ ತೊಂದರೆ ಸ್ವಲ್ಪ ಹೆಚ್ಚು, ಮುಂದೆ ತೂಕ ಬಹಳ ಇಳಿದರೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾದೀತು. ಕಾದರೆ ಅಪಾಯ ಕಡಿಮೆ, ಒಂದೇ ಸಲಕ್ಕೆ ಮುಗಿಯುವ ಸಾಧ್ಯತೆ ಹೆಚ್ಚು, ಆದರೆ ಅಲ್ಲಿಯವರೆಗೆ ನೋವು. ಎರಡರಲ್ಲೂ ಲಂಗರಿನ ಆಕಾರದ ಹೊಲಿಗೆಯ ಗುರುತು ಉಳಿಯುತ್ತದೆ, ಮೊಲೆತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ಇಷ್ಟು ಹೇಳಿ, "ನಿಮಗೆ ಯಾವುದು ಸರಿಯೆನಿಸುತ್ತದೆ?" ಎಂದು ಕೇಳಿದರು.

ಆಕೆ ಕಾಯುವುದನ್ನೇ ಆರಿಸಿಕೊಂಡರು! ಆದರೆ ಈ ಸಲ ಕಾಯುವುದಕ್ಕೆ ಒಂದು ಕೊನೆ ಇತ್ತು. 74 ಕೆ.ಜಿ.ಗೆ ಬಂದು ಆರು ತಿಂಗಳು ನಿಂತರೆ ಶಸ್ತ್ರಚಿಕಿತ್ಸೆ, ಅಷ್ಟಕ್ಕೆ ಬಾರದಿದ್ದರೂ ವರ್ಷದ ಕೊನೆಗೆ ಮತ್ತೆ ಕೂತು ಮಾತಾಡುವುದು ಎಂದು ಬರೆದುಕೊಂಡರು. ಚರ್ಮದ ಸೋಂಕಿಗೆ ಔಷಧಿ, ಹೆಗಲಿಗೆ ವ್ಯಾಯಾಮ, ಅಳತೆಗೆ ಸರಿಯಾದ ಬ್ರಾ ಅಂದಿನಿಂದಲೇ ಶುರುವಾಯಿತು. ನಲವತ್ತು ದಾಟಿದ್ದರಿಂದ ಮ್ಯಾಮೊಗ್ರಾಂ ಆಯಿತು. ಶಸ್ತ್ರಚಿಕಿತ್ಸೆಯೂ ಆಯಿತು. ಹಣ ಸ್ವಂತದ್ದೇ, ಸೊಸೈಟಿಯ ಸಾಲ. ಒಂದು ಕಡೆ ಹೊಲಿಗೆ ಮಾಯಲು ಮೂರು ವಾರ ಹೆಚ್ಚು ಹಿಡಿಯಿತು. ಈಗ ಕಪ್ಪು ಹಲಗೆಯ ಮೇಲೆ ಪಾಠ ಮುಗಿಯುವವರೆಗೆ ಬರೆಯುತ್ತಾರೆ.

ಮೊದಲ ವೈದ್ಯರೂ ಕಾಯಿರಿ ಎಂದರು, ಎರಡನೆಯವರಲ್ಲೂ ಆಕೆ ಕಾದರು. ಎರಡೂ ಒಂದೇ ಅಲ್ಲವೇ ಎಂದು ಕೇಳುವವರಿಗೆ ನಮ್ಮ ಉತ್ತರ: ಅಲ್ಲ. ಮೊದಲನೆಯದು ಶಿಕ್ಷೆ, ಎರಡನೆಯದು ಚಿಕಿತ್ಸೆ. ಮೊದಲನೆಯದರಲ್ಲಿ ಆಕೆ ಅಪರಾಧಿ, ಎರಡನೆಯದರಲ್ಲಿ ಪಾಲುದಾರಳು. ಇದೇ ಹಾಳೆಯನ್ನು ನೋಡಿ ಇನ್ನೊಬ್ಬಳು 'ಈಗಲೇ' ಎಂದಿದ್ದರೆ, ಎರಡನೆಯ ಸಲ ಟೇಬಲ್ ಹತ್ತುವ ಸಾಧ್ಯತೆಯನ್ನು ತಿಳಿದೇ ಒಪ್ಪಿದ್ದರೆ, ಅದೂ ಸರಿಯಾದ ತೀರ್ಮಾನವೇ. ಭಾರ ಇಳಿದ ಮೇಲೆ ಓಡಾಡಲು ಸುಲಭವಾಗಿ ಉಳಿದ ತೂಕ ಇಳಿಸಿಕೊಳ್ಳುತ್ತೇನೆ ಎನ್ನುವವಳ ಮಾತಿನಲ್ಲಿ ಅರ್ಥವಿದೆ.

ಆದ್ದರಿಂದ ನಾವು ಕೇಳುವುದು ಇಷ್ಟೇ. 'ತೂಕ ಇಳಿಸಿ ಬನ್ನಿ' ಎನ್ನುವ ವೈದ್ಯರು ಎಷ್ಟು, ಯಾಕೆ, ಎಲ್ಲಿಯವರೆಗೆ ಎಂದೂ ಹೇಳಲಿ, ಬರೆದು ಕೊಡಲಿ. ಕಾಯುವ ಕಾಲದಲ್ಲಿ ನೋವಿಗೆ, ಸೋಂಕಿಗೆ ಚಿಕಿತ್ಸೆ ಕೊಡಲಿ. ತೊಂದರೆ ಇರುವಲ್ಲಿ ಇದು ವೈದ್ಯಕೀಯ ಅಗತ್ಯವೆಂದು ಪ್ರಮಾಣಪತ್ರ ಬರೆಯಲು ಹಿಂಜರಿಯದಿರಲಿ. ವಿಮಾ ನಿಯಂತ್ರಕರು 'ಅಂದ'ದ ವಾಕ್ಯದೊಳಗೆ ಈ ನೋವನ್ನು ಹೂತುಹಾಕುವುದನ್ನು ನಿಲ್ಲಿಸಿ, ಇದನ್ನು ಹೆಸರಿಟ್ಟು ಸೇರಿಸಲಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಲ್ಲಿ ಬೀಡಿ ಕಟ್ಟುವವಳಿಗೂ, ಮನೆಗೆಲಸದವಳಿಗೂ ಈ ಬಾಗಿಲು ತೆರೆದಿದೆ ಎಂದು ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸಲಿ.

ಇನ್ನು ನಾವು ಹೆಂಗಸರು. ನಾವೂ ಒಂದು ಕೆಲಸ ಮಾಡಬೇಕಾಗಿದೆ. ಮಗಳು, ಸೊಸೆ, ತಂಗಿ ಬೆನ್ನು ನೋವು ಎಂದಾಗ 'ನಿನ್ನ ಮೈ ನೋಡು' ಎನ್ನುವ ಬದಲು 'ಎಲ್ಲಿ ನೋವು, ತೋರಿಸು' ಎನ್ನಬೇಕು. ಡಾಕ್ಟರು 'ಆಮೇಲೆ' ಎಂದರೆ 'ಆಮೇಲೆ ಎಂದರೆ ಯಾವಾಗ?' ಎಂದು ಕೇಳಬೇಕು. ಈ ಪ್ರಶ್ನೆ ಕೇಳಲು ಬಿ.ಎಂ.ಐ. ಇಂತಿಷ್ಟೇ ಇರಬೇಕೆಂದು ಯಾವ ಕೋಷ್ಟಕದಲ್ಲೂ ಬರೆದಿಲ್ಲ.